ಒಂದೇ ಪರಮಾಣುವಿನ ನಿಕ್ಕಲ್ ಕೊಂಡಿ: ಆ ಲಕ್ಷ ಪರ್ಸೆಂಟ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಎರಡು ನಿಕ್ಕಲ್ ತಂತಿಗಳು ಕೆಲವೇ ಪರಮಾಣುಗಳಷ್ಟು ಮುಟ್ಟುವಂತೆ ಮಾಡಿ ಕಾಂತಕ್ಷೇತ್ರ ಕೊಟ್ಟರೆ ರೋಧ ಒಂದು ಲಕ್ಷ ಪರ್ಸೆಂಟ್ ಬದಲಾಗುತ್ತದೆ ಎಂದು 2003ರ ಒಂದು ಪ್ರಬಂಧದಲ್ಲಿ ಓದಿದೆ. ಎಲೆಕ್ಟ್ರಾನ್‌ಗಳ ಸ್ಪಿನ್‌ನಿಂದ (ಅವುಗಳ ಪುಟ್ಟ ಕಾಂತಗುಣದಿಂದ) ಹೀಗಾಗುತ್ತದೆ ಅಂತ ಅದರಲ್ಲಿದೆ. ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಹಾರ್ಡ್ ಡಿಸ್ಕಿನಲ್ಲಿ ಬಂದಿರಬೇಕಿತ್ತು, ಅಲ್ವಾ? ಇನ್ನೊಂದು: ತಂತಿಗಳು ಮುಟ್ಟುವ ಆ ಕೊಂಡಿಯ ವಾಹಕತೆ ಕ್ವಾಂಟಮ್‌ನ (ವಾಹಕತೆಯ ಮೂಲ ಅಳತೆಯ) ಅರ್ಧಕ್ಕೆ ಬಂದು ನಿಂತರೆ ಒಂದೇ ಸ್ಪಿನ್ ದಾಟುತ್ತಿದೆ ಎನ್ನಬಹುದೇ? ಕಾಲೇಜು ಲ್ಯಾಬಿನಲ್ಲಿ ಇದನ್ನು ಪ್ರಾಜೆಕ್ಟ್ ಮಾಡಬಹುದೇ?

ಉತ್ತರ: ನಿಮಗೆ ಅನುಮಾನ ಬಂದದ್ದು ಸರಿಯಾಗಿಯೇ ಇದೆ. ಆ ಲಕ್ಷ ಪರ್ಸೆಂಟ್ ಸ್ಪಿನ್‌ನ ಕೆಲಸ ಅಲ್ಲ, ತಂತಿ ಅಲುಗಿದ್ದರ ಫಲ. ಈ ವಿಷಯದಲ್ಲಿ ಕೆಲಸ ಮಾಡುವ ಹೆಚ್ಚಿನವರು ಇವತ್ತು ಹೀಗೇ ಹೇಳುತ್ತಾರೆ, ನನ್ನ ಅಭಿಪ್ರಾಯವೂ ಅದೇ. ಹಾಗಂತ ಒಂದೇ ಪರಮಾಣು ಸ್ಪಿನ್ ನೋಡಿ ಎಲೆಕ್ಟ್ರಾನ್‌ಗಳನ್ನು ಬಿಡುತ್ತದೆ ಎಂಬುದು ಸುಳ್ಳಲ್ಲ. ಅದನ್ನು ಬೇರೆ ದಾರಿಯಲ್ಲಿ ಅಳೆದು ತೋರಿಸಿದ್ದಾರೆ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಇವುಗಳೊಳಗೆ ಮೇಲ್ಮುಖ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳೂ ಕೆಳಮುಖ ಸ್ಪಿನ್ ಇರುವವೂ ಸಮಪಾಲು ಇರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಇಂಥ ಎರಡು ಲೋಹಗಳ ನಡುವೆ ತೆಳು ಪದರ ಇಟ್ಟು ಕರೆಂಟ್ ಹರಿಸಿದರೆ, ಎರಡೂ ಕಡೆಯ ಕಾಂತದಿಕ್ಕು ಒಂದೇ ಇದ್ದಾಗ ರೋಧ ಕಡಿಮೆ, ಎದುರುಬದುರು ಇದ್ದಾಗ ಜಾಸ್ತಿ. 1975ರಲ್ಲಿ ಫ್ರಾನ್ಸಿನ ಮಿಶೆಲ್ ಜೂಲಿಯೇರ್ ಇದನ್ನು ಕಬ್ಬಿಣ, ಜರ್ಮೇನಿಯಂ, ಕೋಬಾಲ್ಟ್ ಪದರಗಳಲ್ಲಿ ಕಂಡರು. 4.2 ಕೆಲ್ವಿನ್‌ನಲ್ಲಿ ಸಿಕ್ಕ ಬದಲಾವಣೆ ಸುಮಾರು 14 ಪರ್ಸೆಂಟ್. ಸಾಮಾನ್ಯ ಕೋಣೆಯ ಬಿಸಿಯಲ್ಲಿ ಇದು ನಂಬಿಕೆಗೆ ಬರುವಂತೆ ಸಿಕ್ಕಿದ್ದು 1995ರಲ್ಲಿ. ಜಪಾನಿನಲ್ಲಿ ಮಿಯಾಝಾಕಿ ಅವರ ತಂಡ ಮಾಡಿತು. ಅಮೆರಿಕದ ಎಂಐಟಿಯಲ್ಲಿ ಜಗದೀಶ್ ಮೂಡೇರ ಅವರ ತಂಡವೂ ಮಾಡಿತು. ಮೂಡೇರ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮದ್ರಾಸಿನ ಐಐಟಿಯಲ್ಲಿ ಪಿಎಚ್.ಡಿ. ಮಾಡಿ ಹೋದವರು. ನಮ್ಮ ಕಾಲೇಜುಗಳಲ್ಲಿ ಸ್ಪಿನ್ ಪಾಠ ಮಾಡುವಾಗ ಈ ಹೆಸರು ಹೇಳಲೇಬೇಕು ಎಂದು ನನಗೆ ಅನಿಸುತ್ತದೆ.

ಜೂಲಿಯೇರ್ ಕೊಟ್ಟ ಲೆಕ್ಕ ಬಹಳ ಸರಳ. ಎರಡು ಲೋಹಗಳ ಸ್ಪಿನ್ ಧ್ರುವೀಕರಣಗಳನ್ನು ಗುಣಿಸಿ. ಬಂದ ಸಂಖ್ಯೆಯ ಎರಡರಷ್ಟನ್ನು, ಒಂದರಿಂದ ಆ ಸಂಖ್ಯೆ ಕಳೆದು ಉಳಿದದ್ದರಿಂದ ಭಾಗಿಸಿ. ಅದೇ ರೋಧದ ಬದಲಾವಣೆ. ಧ್ರುವೀಕರಣ ಎಂದರೆ ಎರಡು ಸ್ಪಿನ್‌ಗಳ ವ್ಯತ್ಯಾಸ ಒಟ್ಟಿನಲ್ಲಿ ಎಷ್ಟು ಪಾಲು ಎಂಬುದು. ನಿಕ್ಕಲ್‌ನಲ್ಲಿ ಅಳೆದಾಗ ಇದು ಅರ್ಧಕ್ಕಿಂತ ಕಡಿಮೆಯೇ ಬಂದಿದೆ. ಸುಮ್ನೆ ಉದಾರವಾಗಿ 0.5 ಎಂದೇ ಇಟ್ಟುಕೊಳ್ಳಿ, ಉತ್ತರ 67 ಪರ್ಸೆಂಟ್. ಈಗ ಲೆಕ್ಕವನ್ನು ತಿರುಗಿಸಿ ಹಾಕಿ. ಲಕ್ಷ ಪರ್ಸೆಂಟ್ ಬರಬೇಕಾದರೆ ಧ್ರುವೀಕರಣ 0.999 ಇರಬೇಕು. ಅಂದರೆ ಎರಡು ಸಾವಿರ ಎಲೆಕ್ಟ್ರಾನ್ ದಾಟಿದರೆ ಅವುಗಳಲ್ಲಿ ತಪ್ಪು ಸ್ಪಿನ್‌ನದು ಸುಮಾರು ಒಂದಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಈ ಸೂತ್ರ ಟನೆಲಿಂಗ್‌ಗೆ (ನಡುವಿನ ತಡೆಯನ್ನು ಎಲೆಕ್ಟ್ರಾನ್‌ಗಳು ಕ್ವಾಂಟಮ್ ರೀತಿಯಲ್ಲಿ ತೂರಿ ದಾಟುವುದಕ್ಕೆ) ಮಾಡಿದ್ದು, ಲೋಹ ಲೋಹಕ್ಕೆ ಮುಟ್ಟಿರುವ ಕೊಂಡಿಗೆ ಹಾಗೇ ಒಪ್ಪುವುದಿಲ್ಲ ಎಂಬುದು ನಿಜ. ಆದರೂ ಎಷ್ಟು ದೊಡ್ಡ ಹೇಳಿಕೆ ಇದು ಎಂಬ ಅಂದಾಜು ಸಿಗುತ್ತದೆ.

ಅಷ್ಟು ದೊಡ್ಡ ಹೇಳಿಕೆಯನ್ನು ಬಲ್ಲವರೇ ಯಾಕೆ ಗಂಭೀರವಾಗಿ ತೆಗೆದುಕೊಂಡರು? ಅದಕ್ಕೂ ಒಳ್ಳೆಯ ಕಾರಣ ಇತ್ತು. ಕಾಂತದ ಒಳಗೆ ಒಂದು ದಿಕ್ಕಿನ ಭಾಗ ಮುಗಿದು ಇನ್ನೊಂದು ದಿಕ್ಕಿನದು ಶುರುವಾಗುವಲ್ಲಿ ಡೊಮೇನ್ ಗೋಡೆ ಇರುತ್ತದೆ. ದಪ್ಪ ಲೋಹದಲ್ಲಿ ಈ ಗೋಡೆ ಹತ್ತಾರು ನ್ಯಾನೋಮೀಟರ್ ಅಗಲ. ಎಲೆಕ್ಟ್ರಾನ್ ಅದನ್ನು ದಾಟುವಾಗ ಕಾಂತದಿಕ್ಕು ನಿಧಾನಕ್ಕೆ ತಿರುಗುತ್ತದೆ, ಸ್ಪಿನ್ನೂ ಜೊತೆಗೇ ತಿರುಗಿಕೊಳ್ಳುತ್ತದೆ. ಹಾಗಾಗಿ ಹೆಚ್ಚು ರೋಧ ಹುಟ್ಟುವುದಿಲ್ಲ. ಆದರೆ ಲೋಹವನ್ನು ಒಂದು ಕಡೆ ಹಿಸುಕಿ ಕೆಲವೇ ಪರಮಾಣು ಅಗಲಕ್ಕೆ ತಂದರೆ ಗೋಡೆಯೂ ಅಲ್ಲಿ ಅಷ್ಟಕ್ಕೇ ಕುಗ್ಗುತ್ತದೆ ಎಂದು 1999ರಲ್ಲಿ ಪ್ಯಾಟ್ರಿಕ್ ಬ್ರೂನೋ ಲೆಕ್ಕ ಹಾಕಿ ತೋರಿಸಿದರು. ಅಷ್ಟು ಕಡಿದಾದ ತಿರುವಿನಲ್ಲಿ ಸ್ಪಿನ್‌ಗೆ ತಿರುಗಲು ಸಮಯ ಇಲ್ಲ. ಆಚೆ ಕಡೆ ತನ್ನ ಸ್ಪಿನ್‌ಗೆ ಜಾಗ ಕಡಿಮೆ ಇದ್ದರೆ ಎಲೆಕ್ಟ್ರಾನ್ ವಾಪಸ್ ಬರುತ್ತದೆ. ರೋಧ ಏರುತ್ತದೆ. ಈ ತರ್ಕದಲ್ಲಿ ಯಾವ ತಪ್ಪೂ ಇಲ್ಲ.

ಅದೇ ವರ್ಷ ಮ್ಯಾಡ್ರಿಡ್‌ನ ನಿಕೊಲಾಸ್ ಗಾರ್ಸಿಯಾ ಅವರ ತಂಡ ನಿಕ್ಕಲ್ ಕೊಂಡಿಗಳಲ್ಲಿ 280 ಪರ್ಸೆಂಟ್‌ವರೆಗೆ ಬದಲಾವಣೆ ಕಂಡಿತು. 2002ರಲ್ಲಿ ಅಮೆರಿಕದ ಬಫಲೋದಿಂದ ಚೋಪ್ರಾ ಮತ್ತು ಹುವಾ 3,150 ಪರ್ಸೆಂಟ್ ವರದಿ ಮಾಡಿದರು. ಮರುವರ್ಷ ಬಂದದ್ದೇ ನೀವು ಓದಿದ ಲಕ್ಷ. ಇದಕ್ಕೆ ಬ್ಯಾಲಿಸ್ಟಿಕ್ ಮ್ಯಾಗ್ನೆಟೋರೆಸಿಸ್ಟೆನ್ಸ್ ಎಂಬ ಹೆಸರೂ ಬಿತ್ತು. ಬ್ಯಾಲಿಸ್ಟಿಕ್ ಎಂದರೆ ಎಲೆಕ್ಟ್ರಾನ್ ನಡುವೆ ಎಲ್ಲೂ ಡಿಕ್ಕಿ ಹೊಡೆಯದೆ ನೇರ ದಾಟುವುದು.

ಈಗ ಒಂದು ಕಾಗದ ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕಿ. ಕಾಂತಕ್ಷೇತ್ರ ಕೊಟ್ಟರೆ ನಿಕ್ಕಲ್‌ನ ಉದ್ದವೇ ಬದಲಾಗುತ್ತದೆ. ಇದಕ್ಕೆ ಮ್ಯಾಗ್ನೆಟೋಸ್ಟ್ರಿಕ್ಷನ್ ಎನ್ನುತ್ತಾರೆ. ಕ್ಷೇತ್ರದ ದಿಕ್ಕಿನಲ್ಲಿ ನಿಕ್ಕಲ್ ಹತ್ತು ಲಕ್ಷಕ್ಕೆ ಸುಮಾರು 35 ಪಾಲು ಕುಗ್ಗುತ್ತದೆ. ಬಹಳ ಕಡಿಮೆ ಅನಿಸುತ್ತದೆ, ಅಲ್ವಾ? ಒಂದು ಮಿಲಿಮೀಟರ್ ತಂತಿ 35 ನ್ಯಾನೋಮೀಟರ್ ಕುಗ್ಗುತ್ತದೆ. ನಿಕ್ಕಲ್ ಪರಮಾಣುವಿನ ಅಗಲ 0.25 ನ್ಯಾನೋಮೀಟರ್. ಅಂದರೆ ತಂತಿಯ ತುದಿ ನೂರಕ್ಕೂ ಹೆಚ್ಚು ಪರಮಾಣುಗಳಷ್ಟು ಹಿಂದೆ ಸರಿಯಿತು! ಹಿಡಿಕೆಯಿಂದ ಹೊರಗಿರುವ ತಂತಿ ಬರೀ 10 ಮೈಕ್ರೋಮೀಟರ್ ಇದ್ದರೂ ತುದಿ 0.35 ನ್ಯಾನೋಮೀಟರ್ ಸರಿಯುತ್ತದೆ. ಒಂದು ಪರಮಾಣುವಿಗಿಂತ ಜಾಸ್ತಿ.

ಕೊಂಡಿ ಬಿಟ್ಟು ಸಣ್ಣ ಸಂದು ಆಯಿತು ಎನ್ನಿ. ಅಲ್ಲಿಂದ ಮುಂದೆ ಎಲೆಕ್ಟ್ರಾನ್‌ಗಳು ಟನೆಲ್ ಮಾಡಿ ದಾಟಬೇಕು. ಟನೆಲಿಂಗ್ ಕರೆಂಟ್ ಸಂದು 0.1 ನ್ಯಾನೋಮೀಟರ್ ಹಿಗ್ಗಿದರೆ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. 0.3 ನ್ಯಾನೋಮೀಟರ್ ಹಿಗ್ಗಿದರೆ ಸಾವಿರದ ಒಂದು ಪಾಲು. ರೋಧ ಸಾವಿರ ಪಟ್ಟು ಎಂದರೆ ಪರ್ಸೆಂಟಿನ ಲೆಕ್ಕದಲ್ಲಿ ಎಷ್ಟಾಯಿತು? ಹೆಚ್ಚುಕಡಿಮೆ ಒಂದು ಲಕ್ಷ! ಸ್ಪಿನ್ ಎಂಬ ಮಾತನ್ನೇ ಎತ್ತದೆ, ಒಂದು ಪರಮಾಣುವಿನಷ್ಟು ಸರಿದರೆ ಸಾಕು, ನೀವು ಓದಿದ ಸಂಖ್ಯೆ ಸಿಗುತ್ತದೆ. ಕೊಂಡಿ ಪೂರ್ತಿ ಬಿಡಬೇಕೆಂದೂ ಇಲ್ಲ. ಹತ್ತು ಪರಮಾಣು ಮುಟ್ಟಿದ್ದ ಕಡೆ ಒಂದೇ ಉಳಿದರೂ ರೋಧ ಎಷ್ಟೋ ಪಟ್ಟು ಏರುತ್ತದೆ. ಇದರ ಮೇಲೆ, ಎರಡು ತಂತಿಗಳೂ ಕಾಂತಗಳೇ ಆದ್ದರಿಂದ ಒಂದನ್ನೊಂದು ಎಳೆಯುತ್ತವೆ, ಹೊರಗಿನ ಕ್ಷೇತ್ರ ಅವನ್ನು ತಿರುಚುತ್ತದೆ. 2004ರಲ್ಲಿ ಅಮೆರಿಕದ ಅಳತೆ ಮತ್ತು ಮಾನಕಗಳ ಸರ್ಕಾರಿ ಸಂಸ್ಥೆಯಾದ ಎನ್‌ಐಎಸ್‌ಟಿಯ ವಿಲಿಯಂ ಎಗೆಲ್‌ಹಾಫ್ ಮತ್ತು ಜೊತೆಯವರು ಇಂಥ ಕೊಂಡಿಗಳನ್ನು ಬಗೆಬಗೆಯಾಗಿ ಮಾಡಿ ಪರೀಕ್ಷಿಸಿದರು. ಬ್ಯಾಲಿಸ್ಟಿಕ್ ಪರಿಣಾಮದ ಗುರುತು ಅವರಿಗೆ ಸಿಗಲಿಲ್ಲ. ಸಿಕ್ಕಿದ್ದೆಲ್ಲ ತಂತಿ ಕುಗ್ಗುವ, ಎಳೆಯುವ, ಅಲುಗುವ ಪರಿಣಾಮಗಳೇ.

ಅಲುಗದ ಹಾಗೆ ಮಾಡಿದರೆ ಏನು ಸಿಗುತ್ತದೆ? ಕಾರ್ನೆಲ್‌ನ ಡ್ಯಾನ್ ರಾಲ್ಫ್ ಅವರ ಗುಂಪು 2006ರಲ್ಲಿ ತೆಳು ಪದರದ ಕಾಂತೀಯ ತಂತಿಯನ್ನು ಗಟ್ಟಿ ಆಧಾರಕ್ಕೇ ಅಂಟಿಸಿಟ್ಟು, ಕರೆಂಟಿನಿಂದಲೇ ಅದನ್ನು ಸವೆಸುತ್ತಾ ಪರಮಾಣು ಅಗಲಕ್ಕೆ ತಂದಿತು. ಶುರುವಿನಲ್ಲಿ 100 ನ್ಯಾನೋಮೀಟರ್ ಅಗಲ ಇದ್ದಾಗ ಬದಲಾವಣೆ 0.3 ಪರ್ಸೆಂಟ್. ಪರಮಾಣು ಅಗಲಕ್ಕೆ ಬಂದಾಗ ಹೆಚ್ಚೆಂದರೆ 80 ಪರ್ಸೆಂಟ್. ಗೋಡೆ ಕುಗ್ಗಿದಂತೆ ಪರಿಣಾಮ ಏರುತ್ತದೆ ಎಂಬ ಮೂಲ ತರ್ಕ ಉಳಿಯಿತು ನೋಡಿ. ಸಾವಿರ, ಲಕ್ಷಗಳು ಉದುರಿಹೋದವು. ನನಗೆ ಈ 80 ಆ ಲಕ್ಷಕ್ಕಿಂತ ಎಷ್ಟೋ ಹೆಚ್ಚು ಖುಷಿ ಕೊಡುವ ಸಂಖ್ಯೆ. ಏಕೆಂದರೆ ಇದರ ಹಿಂದೆ ಇರುವುದು ನಿಜವಾಗಿ ಸ್ಪಿನ್.

ಇನ್ನು ನಿಮ್ಮ ಅರ್ಧ ಕ್ವಾಂಟಮ್ ಪ್ರಶ್ನೆ. ಎಲೆಕ್ಟ್ರಾನ್ ಚಾರ್ಜಿನ ವರ್ಗವನ್ನು ಪ್ಲಾಂಕ್ ಸ್ಥಿರಾಂಕದಿಂದ ಭಾಗಿಸಿ ಎರಡರಿಂದ ಗುಣಿಸಿದರೆ ಸಿಗುವುದೇ ವಾಹಕತೆಯ ಕ್ವಾಂಟಮ್. ಬೆಲೆ 77.5 ಮೈಕ್ರೋಸೀಮೆನ್ಸ್, ರೋಧದಲ್ಲಿ ಹೇಳುವುದಾದರೆ 12.9 ಕಿಲೋಓಮ್. ಅದರಲ್ಲಿರುವ ಎರಡು ಬಂದದ್ದು ಎರಡು ಸ್ಪಿನ್‌ಗಳಿಂದ. ಹಾಗಾಗಿ ಒಂದು ಸ್ಪಿನ್ ಮುಚ್ಚಿದರೆ ಅರ್ಧ ಉಳಿಯಬೇಕು, 25.8 ಕಿಲೋಓಮ್ ಕಾಣಬೇಕು. ಕೇಳಲು ಚೆನ್ನಾಗಿದೆ. ಕೊಂಡಿಯನ್ನು ಎಳೆದು ತೆಳುವಾಗಿಸುವಾಗ ವಾಹಕತೆ ಒಂದು ಬೆಲೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಅದನ್ನು ಮೆಟ್ಟಿಲು ಎನ್ನುತ್ತಾರೆ. ನಿಕ್ಕಲ್, ಕೋಬಾಲ್ಟ್ ಕೊಂಡಿಗಳಲ್ಲಿ ಇಂಥ ಅರ್ಧದ ಮೆಟ್ಟಿಲು ಕಂಡೆವೆಂದು ಕೆಲವು ಗುಂಪುಗಳು ಬರೆದಿದ್ದವು ಕೂಡ.

2004ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಕಾರ್ಲೋಸ್ ಉಂಟೀಡ್ಟ್, ಯಾನ್ ವಾನ್ ರೌಟೆನ್‌ಬೆಕ್ ಮತ್ತಿತರರು ಇದನ್ನು ಕೂತು ಪರೀಕ್ಷಿಸಿದರು. ತಣ್ಣನೆಯ ನಿರ್ವಾತದಲ್ಲಿ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ತಂತಿಗಳನ್ನು ಮತ್ತೆ ಮತ್ತೆ ಮುರಿದು ಜೋಡಿಸಿದರು. ಬಲವಾದ ಕಾಂತಕ್ಷೇತ್ರವನ್ನೂ ಕೊಟ್ಟರು. ಶುದ್ಧ ಲೋಹದಲ್ಲಿ ಅರ್ಧದ ಮೆಟ್ಟಿಲು ಕಾಣಲೇ ಇಲ್ಲ. ಪೂರ್ಣ ಕ್ವಾಂಟಮ್‌ನ ಮೆಟ್ಟಿಲೂ ಕಾಣಲಿಲ್ಲ. ಆದರೆ ಅನಿಲದ ಅಣುಗಳನ್ನು ಒಳಗೆ ಬಿಟ್ಟ ಕೂಡಲೇ ಮೆಟ್ಟಿಲಿನಂಥದ್ದು ಬಂತು! ಕಾಂತವೇ ಅಲ್ಲದ ಪ್ಲಾಟಿನಂನಲ್ಲೂ ಬಂತು. ಕೊಂಡಿಗೆ ಬಂದು ಕೂತ ಅಣು ಸ್ಪಿನ್‌ನ ವೇಷ ಹಾಕಿತ್ತು ಅಷ್ಟೇ. ಹಾಗಾಗಿ ಅರ್ಧ ಕಂಡಿತು ಎಂಬುದೊಂದೇ ಯಾವುದಕ್ಕೂ ಪುರಾವೆ ಅಲ್ಲ.

ಶುದ್ಧ ನಿಕ್ಕಲ್‌ನಲ್ಲಿ ಮೆಟ್ಟಿಲು ಯಾಕೆ ಇಲ್ಲ ಎಂಬುದನ್ನು ಆರ್ಬಿಟಲ್‌ಗಳಲ್ಲಿ (ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರುವ ನೆಲೆಗಳಲ್ಲಿ) ಹುಡುಕಬೇಕು. ಚಿನ್ನದ ಪರಮಾಣುವಿನಲ್ಲಿ ಕರೆಂಟ್ ಒಯ್ಯುವುದು ಹೊರಗಿನ ಒಂದು ಎಸ್ ಆರ್ಬಿಟಲ್. ಒಂದು ಆರ್ಬಿಟಲ್, ಎಲೆಕ್ಟ್ರಾನ್ ದಾಟಲು ಒಂದು ದಾರಿ ಅಥವಾ ಚಾನೆಲ್, ಪೂರ್ತಿ ತೆರೆದಿರುತ್ತದೆ. ಅದಕ್ಕೇ ಚಿನ್ನದಲ್ಲಿ ಕ್ವಾಂಟಮ್ ಮೆಟ್ಟಿಲು ಅಷ್ಟು ಚೊಕ್ಕ. ನಿಕ್ಕಲ್‌ನಲ್ಲಿ ಎಸ್ ಜೊತೆಗೆ ಐದು ಡಿ ಆರ್ಬಿಟಲ್‌ಗಳೂ ಇವೆ. ಒಂದು ಸ್ಪಿನ್‌ನ ಡಿ ಮಟ್ಟಗಳು ತುಂಬಿ ಕೆಳಗಿರುತ್ತವೆ, ಆ ಸ್ಪಿನ್‌ಗೆ ಮುಖ್ಯವಾಗಿ ಎಸ್ ದಾರಿಯೇ ಗತಿ. ಇನ್ನೊಂದು ಸ್ಪಿನ್‌ಗೆ ಎಸ್ ದಾರಿಯೂ ಇದೆ, ಅರ್ಧಂಬರ್ಧ ತೆರೆದ ಹಲವು ಡಿ ದಾರಿಗಳೂ ಇವೆ. ಹಾಗಾಗಿ ಒಂದು ಸ್ಪಿನ್ ಪೂರ್ತಿ ನಿಂತುಹೋಗುವುದಿಲ್ಲ. ಎರಡೂ ದಾಟುತ್ತವೆ, ಬೇರೆ ಬೇರೆ ಪ್ರಮಾಣದಲ್ಲಿ. ಒಟ್ಟು ವಾಹಕತೆ ಒಂದೂವರೆ ಕ್ವಾಂಟಮ್ ಆಸುಪಾಸಿನಲ್ಲಿ ಹರಡಿಕೊಂಡು ಬರುತ್ತದೆ. ಡಿ ಆರ್ಬಿಟಲ್‌ಗಳು ಪಕ್ಕದ ಪರಮಾಣು ಎಲ್ಲಿದೆ ಎಂಬುದಕ್ಕೆ ತುಂಬಾ ಸೂಕ್ಷ್ಮ. ಒಂದು ಪರಮಾಣು ಸ್ವಲ್ಪ ಓರೆಯಾದರೂ ಉತ್ತರ ಬದಲಾಗುತ್ತದೆ. ಅಷ್ಟೇ ಅಲ್ಲ, ಕೊನೆಯ ಪರಮಾಣುವಿನ ಕಾಂತತೆಯೂ ದಪ್ಪ ಲೋಹದಲ್ಲಿ ಇದ್ದಂತೆ ಇರುವುದಿಲ್ಲ. 2009ರಲ್ಲಿ ಸ್ಪೇನಿನ ಆಲಿಕಾಂತೆಯಲ್ಲಿ ಉಂಟೀಡ್ಟ್ ಅವರ ತಂಡ ಈ ಮೂರೂ ಲೋಹಗಳ ಕೊಂಡಿಗಳಲ್ಲಿ ಕೊಂಡೋ ಪರಿಣಾಮ ಕಂಡಿತು. ಸಾಮಾನ್ಯ ಲೋಹದೊಳಗಿನ ಒಂಟಿ ಕಾಂತ ಪರಮಾಣುವಿನಲ್ಲಿ ನೋಡುವ ಪರಿಣಾಮ ಅದು. ಕಬ್ಬಿಣದ ನಡುವೆ ಇರುವ ಕಬ್ಬಿಣದ ಪರಮಾಣುವಿನಲ್ಲೇ ಕಾಣುತ್ತದೆ ಎಂದು ಹೆಚ್ಚಿನವರು ಎಣಿಸಿರಲಿಲ್ಲ.

ಹಾಗಾದರೆ ಸ್ಪಿನ್ ಆರಿಸುತ್ತಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಇದು ಈ ಕ್ಷೇತ್ರದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಕರೆಂಟಿನ ಸರಾಸರಿ ನೋಡಬೇಡಿ, ಅದರ ಗದ್ದಲ ಕೇಳಿ. ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಬರುವುದರಿಂದ ಕರೆಂಟಿನಲ್ಲಿ ಸಣ್ಣ ಏರಿಳಿತ ಇರುತ್ತದೆ. ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಾಗ ಆಗುವ ಸದ್ದಿನ ಹಾಗೆ. ಇದಕ್ಕೆ ಶಾಟ್ ನಾಯ್ಸ್ ಎನ್ನುತ್ತಾರೆ. ಪೂರ್ತಿ ತೆರೆದ ಚಾನೆಲ್‌ನಲ್ಲಿ ಎಲೆಕ್ಟ್ರಾನ್‌ಗಳು ಒಂದರ ಹಿಂದೆ ಒಂದು ತಪ್ಪದೆ ದಾಟುತ್ತವೆ, ಆಗ ಈ ಗದ್ದಲವೇ ಇಲ್ಲ. ಅರ್ಧ ತೆರೆದ ಚಾನೆಲ್‌ನಲ್ಲಿ ಕೆಲವು ದಾಟುತ್ತವೆ, ಕೆಲವು ವಾಪಸ್ ಬರುತ್ತವೆ. ಗದ್ದಲ ಇದ್ದೇ ಇರುತ್ತದೆ.

ಈಗ ವಾಹಕತೆ ಸರಿಯಾಗಿ ಅರ್ಧ ಕ್ವಾಂಟಮ್ ಇರುವ ಕೊಂಡಿ ತೆಗೆದುಕೊಳ್ಳಿ. ಎರಡು ಸ್ಪಿನ್‌ಗಳೂ ಸಮ ಇದ್ದರೆ ಪ್ರತಿಯೊಂದೂ ಶೇಕಡ 50 ದಾಟುತ್ತಿದೆ ಎಂದರ್ಥ. ಆಗ ಗದ್ದಲ ಪೂರ್ಣ ಶಾಟ್ ನಾಯ್ಸ್‌ನ ಅರ್ಧದಷ್ಟಾದರೂ ಇರಲೇಬೇಕು. ಅದಕ್ಕಿಂತ ಕಡಿಮೆ ಮಾಡಲು ದಾರಿಯೇ ಇಲ್ಲ. ಒಂದು ಸ್ಪಿನ್ ಪೂರ್ತಿ ದಾಟಿ ಇನ್ನೊಂದು ಪೂರ್ತಿ ನಿಂತಿದ್ದರೆ? ವಾಹಕತೆ ಅದೇ ಅರ್ಧ, ಗದ್ದಲ ಮಾತ್ರ ಸೊನ್ನೆ. ಮೀಟರಿನಲ್ಲಿ ಒಂದೇ ಥರ ಕಾಣುವ ಎರಡು ಸ್ಥಿತಿಗಳು ಗದ್ದಲದಲ್ಲಿ ಬೇರೆಯಾಗುತ್ತವೆ. ಸ್ಪಿನ್‌ಗಳು ಸಮ ಇದ್ದರೆ ಬರಬೇಕಾದ ಕನಿಷ್ಠಕ್ಕಿಂತ ಗದ್ದಲ ಕೆಳಗಿಳಿದರೆ ಸ್ಪಿನ್ ಆಯ್ಕೆ ನಡೆಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಇದಕ್ಕೆ ಹೊರಗಿನ ಕಾಂತಕ್ಷೇತ್ರವೇ ಬೇಡ, ಆದ್ದರಿಂದ ಕ್ಷೇತ್ರಕ್ಕೆ ತಂತಿ ಕುಗ್ಗುವ ಗೊಡವೆಯೂ ಇಲ್ಲ!

ಜರ್ಮನಿಯ ಕೀಲ್‌ನಲ್ಲಿ ರಿಚರ್ಡ್ ಬೆರ್ಂಟ್ ಅವರ ಗುಂಪು 2015ರಲ್ಲಿ ಇದನ್ನೇ ಮಾಡಿತು. ಚಿನ್ನದ ಮೇಲೆ ಒಂದು ಕಬ್ಬಿಣದ ಅಥವಾ ಕೋಬಾಲ್ಟ್ ಪರಮಾಣು, ಮೇಲಿಂದ ಚಿನ್ನದ್ದೇ ಸೂಜಿ. ಎರಡು ಕಡೆಯೂ ಕಾಂತ ಇಲ್ಲ, ನಡುವಿನ ಒಂದು ಪರಮಾಣು ಮಾತ್ರ ಕಾಂತೀಯ. ಗದ್ದಲ ಕಡಿಮೆಯಾಗಿ, ಕರೆಂಟ್ ಸ್ಪಿನ್ ಧ್ರುವೀಕರಣ ಹೊಂದಿದೆ ಎಂದು ಕಂಡಿತು. ಅದೇ ವರ್ಷ ಇಸ್ರೇಲಿನ ವೈಝ್‌ಮನ್ ಸಂಸ್ಥೆಯಲ್ಲಿ ಓರೆನ್ ತಾಲ್ ಅವರ ತಂಡ ನಿಕ್ಕಲ್ ಕೊಂಡಿಗೆ ಆಮ್ಲಜನಕ ಸೇರಿಸಿತು. ಪರಮಾಣು ಮಟ್ಟದ ನಿಕ್ಕಲ್ ಆಕ್ಸೈಡ್ ಕೊಂಡಿಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಸ್ಪಿನ್ ಸೋಸಿಕೆಯ ಸುಳಿವು ಶಾಟ್ ನಾಯ್ಸ್‌ನಿಂದಲೇ ಸಿಕ್ಕಿತು. ಹೀಗಾಗಬಹುದೆಂದು ಡೇವಿಡ್ ಜೇಕಬ್, ಫರ್ನಾಂಡೆಜ್ ರೋಸಿಯರ್, ಪಲಾಸಿಯೋಸ್ ಅವರು 2006ರಲ್ಲೇ ಲೆಕ್ಕ ಹಾಕಿದ್ದರು. ಶುದ್ಧ ನಿಕ್ಕಲ್ ಮಾಡಲಾರದ್ದನ್ನು ತುಕ್ಕು ಹಿಡಿದ ನಿಕ್ಕಲ್ ಮಾಡುತ್ತದೆ. ಆಮ್ಲಜನಕ ಬಂದಾಗ ಎಲ್ಲರಿಗೂ ತೆರೆದಿದ್ದ ಎಸ್ ದಾರಿ ಮುಚ್ಚಿಕೊಳ್ಳುತ್ತದೆ, ಉಳಿಯುವುದು ಒಂದೇ ಸ್ಪಿನ್‌ನ ಡಿ ದಾರಿ.

ಹಾರ್ಡ್ ಡಿಸ್ಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿಗೆ ಬೇಕಾದ ದೊಡ್ಡ ಸಂಖ್ಯೆ ಬೇರೆ ಕಡೆಯಿಂದ ಬಂತು. ನಡುವಿನ ಪದರಕ್ಕೆ ಅಲ್ಯುಮಿನಿಯಂ ಆಕ್ಸೈಡ್ ಬದಲು ಹರಳಿನಂಥ ಮೆಗ್ನೀಷಿಯಂ ಆಕ್ಸೈಡ್ ಹಾಕಿ, 2004ರಲ್ಲಿ ಅಮೆರಿಕದ ಸ್ಟುವರ್ಟ್ ಪಾರ್ಕಿನ್ ಮತ್ತು ಜಪಾನಿನ ಶಿಂಜಿ ಯುವಾಸಾ ಅವರ ತಂಡಗಳು ಕೋಣೆಯ ಬಿಸಿಯಲ್ಲೇ 200 ಪರ್ಸೆಂಟಿನ ಆಸುಪಾಸು ತಲುಪಿದವು. 2008ರಲ್ಲಿ ಜಪಾನಿನಲ್ಲಿ 604 ಬಂತು. ಅಲ್ಲೂ ಗುಟ್ಟು ಆರ್ಬಿಟಲ್‌ನದೇ. ಆ ಹರಳು ಒಂದು ಬಗೆಯ ಎಲೆಕ್ಟ್ರಾನ್ ಅಲೆಯನ್ನು ಸುಲಭವಾಗಿ ಬಿಟ್ಟು ಮಿಕ್ಕವನ್ನು ಬೇಗ ಅಡಗಿಸುತ್ತದೆ. ಜೂಲಿಯೇರ್ ಸೂತ್ರದಲ್ಲಿ ಇದಕ್ಕೆ ಜಾಗ ಇರಲಿಲ್ಲ. ಪದರ ಆದ್ದರಿಂದ ಫ್ಯಾಕ್ಟರಿಯಲ್ಲಿ ಕೋಟಿಗಟ್ಟಲೆ ಒಂದೇ ಥರ ಮಾಡಬಹುದು. ಒಂದು ಪರಮಾಣುವಿನ ಕೊಂಡಿಯನ್ನು ಹಾಗೆ ಮಾಡಲು ಆಗುವುದಿಲ್ಲ.

ಕೊನೆಗೆ ಪ್ರಾಜೆಕ್ಟ್. ಖಂಡಿತ ಮಾಡಿ, ಆದರೆ ಚಿನ್ನದಿಂದ ಶುರು ಮಾಡಿ. ಎರಡು ಸಣ್ಣ ಚಿನ್ನದ ತಂತಿಗಳು ಲಘುವಾಗಿ ಮುಟ್ಟುವಂತೆ ಇಟ್ಟು, ಮೇಜನ್ನು ಬೆರಳಿನಿಂದ ತಟ್ಟಿದರೆ ಸಾಕು. ತಂತಿಗಳು ಮುಟ್ಟಿ ಬಿಡುವಾಗ ಕ್ಷಣಮಾತ್ರ ಪರಮಾಣು ಕೊಂಡಿ ಆಗುತ್ತದೆ. 1995ರಲ್ಲಿ ಹೀಗೆ ಮೇಜು ತಟ್ಟಿ ತೋರಿಸಿದ್ದು ಅದೇ ಗಾರ್ಸಿಯಾ ಅವರ ಗುಂಪು, ಅದು ಇಂದಿಗೂ ನಿಂತಿರುವ ಸುಂದರ ಪ್ರಯೋಗ. 100 ಮಿಲಿವೋಲ್ಟ್ ಕೊಡಿ, ಸರಣಿಯಲ್ಲಿ ಒಂದು ಕಿಲೋಓಮ್ ರೆಸಿಸ್ಟರ್ ಹಾಕಿ, ಅದರ ಮೇಲಿನ ವೋಲ್ಟೇಜನ್ನು ಡಿಜಿಟಲ್ ಆಸಿಲೋಸ್ಕೋಪಿನಲ್ಲಿ ಸಿಂಗಲ್ ಶಾಟ್ ಟ್ರಿಗರ್ ಇಟ್ಟು ಹಿಡಿಯಿರಿ. ಒಂದು ಕ್ವಾಂಟಮ್ ಬಂದಾಗ ಸುಮಾರು 7.2 ಮಿಲಿವೋಲ್ಟ್ ಮೆಟ್ಟಿಲು ಕಾಣಬೇಕು. ಒಂದು ಚಿತ್ರ ನೋಡಿ ನಂಬಬೇಡಿ. ನೂರಾರು ಸಲ ಹಿಡಿದು ಹಿಸ್ಟೋಗ್ರಾಂ ಹಾಕಿ.

ಆಮೇಲೆ ನಿಕ್ಕಲ್‌ಗೆ ಬನ್ನಿ. ಗಾಳಿಯಲ್ಲಿ ಮಾಡುತ್ತಿರುವುದರಿಂದ ಆಕ್ಸೈಡ್ ಇದ್ದೇ ಇರುತ್ತದೆ ಎಂಬುದು ನೆನಪಿರಲಿ. ಹಿಡಿಕೆಯಿಂದ ಹೊರಗೆ ತಂತಿ ಆದಷ್ಟು ಕಡಿಮೆ ಉಳಿಯಲಿ. ಕಾಂತಕ್ಷೇತ್ರವನ್ನು ಮೊದಲು ತಂತಿಯ ಉದ್ದಕ್ಕೆ, ನಂತರ ಅಡ್ಡಕ್ಕೆ ಕೊಡಿ. ಉದ್ದಕ್ಕೆ ಕೊಟ್ಟಾಗ ತಂತಿ ಕುಗ್ಗಿ ರೋಧ ಏರಿ, ಅಡ್ಡಕ್ಕೆ ಕೊಟ್ಟಾಗ ತಂತಿ ಹಿಗ್ಗಿ ರೋಧ ಇಳಿದರೆ, ನೀವು ನೋಡುತ್ತಿರುವುದು ಹೆಚ್ಚಾಗಿ ಅಲುಗಾಟವೇ. ಇದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ, ಪ್ರಾಜೆಕ್ಟಿನ ಮುಖ್ಯ ಭಾಗವನ್ನಾಗಿ ಅದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ಅದೇ ನಿಕ್ಕಲ್ ತಂತಿಗಳ ತುದಿಗೆ ದಪ್ಪಗೆ ಚಿನ್ನದ ಲೇಪ ಕೊಡಿ. ಈಗ ಮುಟ್ಟುವುದು ಚಿನ್ನ ಚಿನ್ನಕ್ಕೆ, ಸ್ಪಿನ್ ಆರಿಸುವ ಮಾತೇ ಇಲ್ಲ. ಕುಗ್ಗುವ ತಂತಿ ಮಾತ್ರ ಹಿಂದಿನದೇ. ಅದೇ ಕ್ಷೇತ್ರ ಕೊಟ್ಟು ರೋಧ ಅಳೆಯಿರಿ. ಚಿನ್ನದಲ್ಲಿ ಬಂದ ಬದಲಾವಣೆ ಎಷ್ಟೋ, ನಿಕ್ಕಲ್‌ನಲ್ಲಿ ಕಂಡದ್ದರಲ್ಲಿ ಸರಿಸುಮಾರು ಅಷ್ಟು ಸ್ಪಿನ್‌ಗೆ ಸೇರಿದ್ದಲ್ಲ.